ಖದೀಜಾ ಮೇಡಂ ಎಳೆದ ಬಾಣಗಳು

ಇದು ಎರಡು ವರ್ಷದ ಹಿಂದಿನ ಮಾತು. ಬೇಸಿಗೆ ರಜೆ ಮುಗಿಸಿ ಊರಿನಿಂದ ಮಸ್ಕತ್‌ಗೆ ಮರಳಿ, ಶಾಲೆ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ನಾನು ಅಲ್ ಅಮೇರಾತ್ ಕಡೆಯ ಒಂದು ಭಾರತೀಯ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಕಾರ್ಕಳದಲ್ಲಿ ಕಾಲೇಜು ಓದುವಾಗ ಖೋ ಖೋ ಆಡುತ್ತಿದ್ದೆ, ಆ ಹುಚ್ಚಿನಲ್ಲೇ ಬಿ.ಪಿ.ಎಡ್. ಮಾಡಿದೆ. ನನ್ನ ಗಂಡ ದಿನೇಶ್ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮದುವೆಯಾಗಿ ಅವರ ಜೊತೆ ಬಂದವಳಿಗೆ ಮನೆಯ ಹತ್ತಿರವೇ ಈ ಕೆಲಸ ಸಿಕ್ಕಿದ್ದು ದೊಡ್ಡ ಅದೃಷ್ಟವೆಂದೇ ತಿಳಿದಿದ್ದೆ.

ಶಾಲೆಯಲ್ಲಿ ಪಿ.ಟಿ.ಗೆ ನಾವು ಇಬ್ಬರು. ಹುಡುಗಿಯರಿಗೆ ನಾನು, ಹುಡುಗರಿಗೆ ರೆಜಿ ಸರ್. ಅವರು ಕೇರಳದವರು, ನನಗಿಂತ ಬಹಳ ಹಿರಿಯರು, ಶಾಲೆಯ ವೀಸಾದಲ್ಲೇ ಎಷ್ಟೋ ವರ್ಷದಿಂದ ಇದ್ದವರು. ನಮ್ಮ ಮಾತೆಲ್ಲ ಹಿಂದಿಯಲ್ಲಿ.

ಆ ವರ್ಷ ನಮ್ಮಿಬ್ಬರಿಗೂ ಒಳಗೊಳಗೇ ಭಯ ಇತ್ತು. ಹಿಂದಿನ ವರ್ಷ ಕ್ರೀಡಾದಿನದ ಅಭ್ಯಾಸದಲ್ಲಿ ಕೆಲವು ಹುಡುಗಿಯರು ತಲೆ ಸುತ್ತಿ ಬಿದ್ದಿದ್ದರು. ತಂದೆತಾಯಿಗಳಿಂದ ದೂರು ಬಂದಿತ್ತು. ಅದಾದ ಮೇಲೆ ಪಿ.ಟಿ. ಪೀರಿಯಡ್‌ನಲ್ಲಿ ಆಡದೆ ಬದಿಗೆ ಕೂರುವ ಹುಡುಗಿಯರ ಸಂಖ್ಯೆ ಹೆಚ್ಚುತ್ತಲೇ ಹೋಗಿತ್ತು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಹೊಟ್ಟೆನೋವು, ಮತ್ತೊಬ್ಬಳಿಗೆ ಸುಮ್ಮನೆ ಸುಸ್ತು. ಶಾಲೆಗೆ ಒಬ್ಬ ಪಿ.ಟಿ. ಟೀಚರ್ ಸಾಕು, ಉಳಿದದ್ದಕ್ಕೆ ಹೊರಗಿನ ಕೋಚ್‌ಗಳನ್ನು ಕರೆಸುತ್ತಾರಂತೆ ಎಂಬ ಗುಸುಗುಸು ಸ್ಟಾಫ್ ರೂಮಿನಲ್ಲಿ ಓಡಾಡುತ್ತಿತ್ತು.

ಅಂಥ ಹೊತ್ತಿನಲ್ಲಿ ವೈಸ್ ಪ್ರಿನ್ಸಿಪಾಲ್ ನಮ್ಮಿಬ್ಬರನ್ನೂ ಕರೆದು, ದೈಹಿಕ ಶಿಕ್ಷಕರಿಗೆ ಒಂದು ತರಬೇತಿ ಇದೆ, ಕೆಲವು ಶನಿವಾರ ಹೋಗಬೇಕು, ತರಬೇತಿ ಕೊಡುವವರು ಒಮ್ಮೆ ನಮ್ಮ ಶಾಲೆಗೂ ಬಂದು ನೋಡುತ್ತಾರೆ ಎಂದರು. ವಿಷಯ ಸಿಸ್ಟಮ್ಸ್ ಥಿಂಕಿಂಗ್ ಎಂದರು. ಅದೇನೆಂದು ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಹೊರಗೆ ಬಂದ ಕೂಡಲೇ ರೆಜಿ ಸರ್ ಮುಖ ಗಂಟಿಕ್ಕಿದರು. ಇಷ್ಟು ವರ್ಷದಲ್ಲಿ ನಮಗೆ ಒಂದು ವಿಸಿಲ್ ಕೊಡಿಸಲಿಕ್ಕೂ ಹಿಂದೆ ಮುಂದೆ ನೋಡಿದವರು ಈಗ ಇದ್ದಕ್ಕಿದ್ದ ಹಾಗೆ ತರಬೇತಿಗೆ ಕಳಿಸುತ್ತಿದ್ದಾರೆಂದರೆ ಇದರ ಹಿಂದೆ ಏನೋ ಇದೆ, ನಮ್ಮಲ್ಲಿ ಯಾರನ್ನು ಕೆಲಸದಿಂದ ತೆಗೆಯಬೇಕು ಎಂದು ತೀರ್ಮಾನ ಮಾಡಲಿಕ್ಕೇ ಇದು ಎಂದರು. ನನಗೂ ಹಾಗೇ ಅನ್ನಿಸಿತು.

ಆ ರಾತ್ರಿ ಊಟಕ್ಕೆ ಕೂತಾಗ ದಿನೇಶ್‌ಗೆ ಹೇಳಿದೆ. ಅವರ ಕಾರ್ಖಾನೆಗೂ ಹಿಂದೊಮ್ಮೆ ಹೀಗೇ ಯಾರೋ ಸಲಹೆಗಾರರು ಬಂದು, ಗೋಡೆಯ ತುಂಬ ಚಾರ್ಟ್ ಅಂಟಿಸಿ, ಎಲ್ಲರ ಹತ್ತಿರವೂ ನಗುನಗುತ್ತಾ ಮಾತಾಡಿ ಹೋಗಿದ್ದರಂತೆ. ಅವರು ಹೋದ ಮೇಲೆ ಒಂದಿಡೀ ವಿಭಾಗದವರನ್ನು ಊರಿಗೆ ಕಳಿಸಿದರಂತೆ.

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಆಯ್ತಾ," ಎಂದರು. "ಅವರು ನಗಾಡಿದರು ಅಂತ ನೀನು ಎಲ್ಲ ಬಾಯಿ ಬಿಡ್ಲಿಕ್ಕೆ ಹೋಗ್ಬೇಡ."

ಮೊದಲ ಶನಿವಾರ ಬೇರೆ ಬೇರೆ ಶಾಲೆಗಳ ಪಿ.ಟಿ. ಟೀಚರುಗಳೆಲ್ಲ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಸೇರಿದೆವು. ತರಬೇತಿ ಕೊಡಲು ಬಂದವರು ಖದೀಜಾ ಮೇಡಂ, ಒಮಾನಿ ಹೆಂಗಸು, ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವವರು. ನಡುವಯಸ್ಸು, ಕಪ್ಪು ಅಬಾಯಾ, ಅದರ ಕೆಳಗೆ ಸವೆದ ಓಟದ ಶೂ. ಇಂಗ್ಲಿಷಿನಲ್ಲಿ ನಿಧಾನಕ್ಕೆ ಮಾತಾಡುತ್ತಿದ್ದರು.

ಮಾತಿಗೆ ಮುಂಚೆ ಒಂದು ಆಟ ಆಡಿಸಿದರು. ಪ್ರತಿಯೊಬ್ಬರೂ ಮನಸ್ಸಿನಲ್ಲೇ ಇಬ್ಬರನ್ನು ಆರಿಸಿಕೊಳ್ಳಬೇಕು, ಯಾರೆಂದು ಹೇಳಬಾರದು. ಆ ಇಬ್ಬರಿಂದಲೂ ಒಂದೇ ದೂರದಲ್ಲಿ ಇರುವ ಹಾಗೆ ಜಾಗ ಬದಲಿಸುತ್ತಾ ಇರಬೇಕು. ಅಷ್ಟೇ. ನಾನು ಆರಿಸಿಕೊಂಡವರು ಸರಿದರೆ ನಾನು ಸರಿಯಬೇಕು, ನನ್ನನ್ನು ಆರಿಸಿಕೊಂಡವರು ನನ್ನಿಂದಾಗಿ ಸರಿಯಬೇಕು. ಇಡೀ ಹಾಲ್ ನಿಲ್ಲದೆ ಅಲುಗಾಡಿತು. ಸ್ವಲ್ಪ ತಣ್ಣಗಾಯಿತು ಎನ್ನುವಾಗ ಅವರು ಒಬ್ಬ ಎತ್ತರದ ತಮಿಳು ಸರ್‌ನ ಭುಜ ಹಿಡಿದು ಮೂಲೆಗೆ ಕರೆದುಕೊಂಡು ಹೋದರು. ತಕ್ಷಣ ಎಲ್ಲರೂ ಮತ್ತೆ ಓಡಾಡಿದೆವು. ಆ ಸರ್‌ನ ಕಡೆ ನೋಡಿಯೂ ಇರದ ನಾನು ಗೋಡೆಯವರೆಗೆ ಹೋಗಿದ್ದೆ.

ನಿಮ್ಮನ್ನು ಅಲುಗಾಡಿಸಿದವರು ಯಾರು ಎಂದು ಖದೀಜಾ ಮೇಡಂ ಕೇಳಿದರು. ಯಾರಿಗೂ ಹೇಳಲಾಗಲಿಲ್ಲ. ಶಾಲೆಯೂ ಹೀಗೆಯೇ ಎಂದರು. ಒಂದು ತೊಂದರೆ ಕಂಡರೆ ನಾವು ಹತ್ತಿರ ಇರುವ ಮನುಷ್ಯನನ್ನು ಹಿಡಿಯುತ್ತೇವೆ. ಹಾಗೆ ಮಾಡದೆ, ಯಾವುದು ಹೆಚ್ಚಾದರೆ ಯಾವುದು ಹೆಚ್ಚುತ್ತದೆ, ಯಾವುದು ಕಡಿಮೆಯಾಗುತ್ತದೆ ಎಂದು ಬಾಣ ಎಳೆಯುತ್ತಾ ಹೋಗಬೇಕು, ಬಾಣಗಳು ಸುತ್ತಿ ಬಂದು ಮೊದಲಿನ ಜಾಗಕ್ಕೇ ಸೇರುವುದು ಕಾಣುತ್ತದೆ ಎಂದು ವಿವರಿಸಿದರು. ಚಿತ್ರದಲ್ಲಿ ಯಾರ ಹೆಸರನ್ನೂ ಬರೆಯಬಾರದು ಎಂಬುದು ಅವರ ನಿಯಮ.

ಆಟ ನನಗೆ ಇಷ್ಟವಾಗಿತ್ತು ಎನ್ನುವುದನ್ನು ಒಪ್ಪಬೇಕು. ಆದರೆ ಹೆಸರು ಬರೆಯಬಾರದು ಎಂದಾಗ ಸಂಶಯ ಜಾಸ್ತಿಯೇ ಆಯಿತು. ಹೆಸರಿಲ್ಲ ಎಂದರೆ ನಾವು ಧೈರ್ಯವಾಗಿ ಎಲ್ಲ ಹೇಳುತ್ತೇವೆ, ಆಮೇಲೆ ಹೆಸರು ತುಂಬಿಸಲು ಎಷ್ಟು ಹೊತ್ತು?

ನಮ್ಮ ಶಾಲೆಯ ಒಂದು ತೊಂದರೆ ಕಾಲ ಹೋದ ಹಾಗೆ ಹೇಗೆ ಏರಿದೆ, ಇಳಿದಿದೆ ಎಂದು ಗೆರೆ ಎಳೆದು ತೋರಿಸಲು ಹೇಳಿದರು. ನಾನು ಬದಿಗೆ ಕೂರುವ ಹುಡುಗಿಯರ ಗೆರೆ ಎಳೆಯಲು ಹೊರಟೆ. ರೆಜಿ ಸರ್ ಪೆನ್ ಹಿಡಿದ ನನ್ನ ಕೈ ತಡೆದರು. ತಲೆಸುತ್ತಿ ಬಿದ್ದವರ ಸುದ್ದಿಗೆ ಹೋಗಬೇಡಿ ಎಂದರು. ಕೊನೆಗೆ ಚೆಂಡು, ಹಗ್ಗ ಸಾಲದು ಎಂಬ ಸಪ್ಪೆ ಗೆರೆಯೊಂದನ್ನು ಎಳೆದೆವು. ಖದೀಜಾ ಮೇಡಂ ಬಂದು ಅದನ್ನು ನೋಡಿ, ಇದರ ಜೊತೆ ಜೊತೆಗೆ ಏರಿದ್ದು ಬೇರೆ ಏನಾದರೂ ಉಂಟೇ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಎರಡು ಹೆಜ್ಜೆ ಆಚೆ ಹೋದ ಮೇಲೆ ನಾನು ಹಿಂದಿಯಲ್ಲಿ ರೆಜಿ ಸರ್‌ಗೆ, ಈ ಹೆಂಗಸು ನಮ್ಮ ಶಾಲೆಯ ಆಫೀಸಿನ ಕಡೆಯವಳೇ, ಹೇಗೆ ಕೆದಕಿ ಕೇಳುತ್ತಾಳೆ ನೋಡಿ ಎಂದೆ. ಖದೀಜಾ ಮೇಡಂ ಬೇರೆ ಮೇಜಿನ ಕಡೆ ನಡೆದುಹೋದರು.

ಮುಂದಿನ ವಾರ ಅವರು ನಮ್ಮ ಶಾಲೆಗೆ ಬಂದರು. ಮೊದಲು ವೈಸ್ ಪ್ರಿನ್ಸಿಪಾಲ್ ಕೋಣೆಯಲ್ಲಿ ಚಹಾ ಆಯಿತು. ಗಾಜಿನ ಆಚೆ ಇಬ್ಬರೂ ನಗುತ್ತಿದ್ದದ್ದು ಮೈದಾನಕ್ಕೆ ಹೋಗುವ ದಾರಿಯಲ್ಲಿ ನನ್ನ ಕಣ್ಣಿಗೆ ಬಿತ್ತು.

ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಪಿ.ಟಿ. ಇದ್ದದ್ದು ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ. ಮೈದಾನದ ಒಂದು ಭಾಗಕ್ಕೆ ತಗಡಿನ ಮಾಡು ಇದೆ. ಬಿಸಿಲು ತಪ್ಪಿದರೂ ಸೆಕೆ ತಪ್ಪುವುದಿಲ್ಲ. ಖದೀಜಾ ಮೇಡಂ ನನ್ನ ಪಾಠ ನೋಡುತ್ತಾರೆಂದು ನಾನು ಚೆನ್ನಾಗಿ ತಯಾರಾಗಿದ್ದೆ. ಅವರು ಪಾಠವನ್ನು ಸರಿಯಾಗಿ ನೋಡಲೇ ಇಲ್ಲ. ಕುಡಿಯುವ ನೀರಿನ ಕೂಲರ್ ಎಲ್ಲಿದೆ ಎಂದು ಹುಡುಕಿಕೊಂಡು ಹೋದರು. ಮೈದಾನದ ಪಕ್ಕದ ಹುಡುಗಿಯರ ಟಾಯ್ಲೆಟ್‌ಗೆ ಬೀಗ ಹಾಕಿತ್ತು, ಅದರ ಫೋಟೋ ತೆಗೆದರು. ಆಮೇಲೆ ಬದಿಗೆ ಕೂತಿದ್ದವರ ಪೈಕಿ ಜೋಸ್ಲಿನ್ ಎಂಬ ಹುಡುಗಿಯ ಪಕ್ಕ ಹೋಗಿ ಸಿಮೆಂಟ್ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು.

ಜೋಸ್ಲಿನ್ ಉಡುಪಿ ಕಡೆಯ ಕೊಂಕಣಿ ಕುಟುಂಬದವಳು. ಆರನೇ ಕ್ಲಾಸಿನಲ್ಲಿ ಜಿಂಕೆಯ ಹಾಗೆ ಓಡುತ್ತಿದ್ದವಳು ಈಗ ತಿಂಗಳುಗಳಿಂದ ಅಂಗಳಕ್ಕೇ ಇಳಿಯುತ್ತಿರಲಿಲ್ಲ. ಅವಳದ್ದು ನಾಟಕ ಎಂದೇ ನಾನು ತಿಳಿದಿದ್ದೆ. ಅವಳು ನನ್ನ ಮೇಲೆ ಏನೇನು ಚಾಡಿ ಹೇಳುತ್ತಿದ್ದಾಳೋ ಎಂದು ಪೀರಿಯಡ್ ಮುಗಿಯುವವರೆಗೂ ಅತ್ತ ಕಡೆಯೇ ಕಣ್ಣು. ಬೆಲ್ ಆದ ಕೂಡಲೇ ಕರೆದು, ಆ ಮೇಡಂ ಏನು ಕೇಳಿದರು ಎಂದೆ.

"ನಥಿಂಗ್ ಮ್ಯಾಮ್," ಎಂದಳು. ಬೆಳಿಗ್ಗೆಯಿಂದ ಏನೇನು ಕುಡಿದೆ ಎಂದು ಮಾತ್ರ ಕೇಳಿದರು ಎಂದು ಇಂಗ್ಲಿಷಿನಲ್ಲೇ ಹೇಳಿ ಹೋದಳು.

ನಾನು ನಂಬಲಿಲ್ಲ. ಅಷ್ಟು ಹೊತ್ತು ಕೂತು ಕೇಳುವ ಪ್ರಶ್ನೆಯೇ ಅದು?

ಎರಡನೇ ಶನಿವಾರ ಎಲ್ಲ ಶಾಲೆಯವರ ಎದುರು ಖದೀಜಾ ಮೇಡಂ ಒಂದು ಚಿತ್ರವನ್ನು ನೆಲದ ಮೇಲೆ ಕಟ್ಟಿದರು. ಹಾಲ್‌ನ ನೆಲಕ್ಕೆ ಚಾಕ್‌ನಲ್ಲಿ ವೃತ್ತಗಳನ್ನು ಬರೆದು, ಬಾಣಗಳ ಬದಲಿಗೆ ಸ್ಕಿಪ್ಪಿಂಗ್ ಹಗ್ಗಗಳನ್ನು ಹಾಸಿ, ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದರು. ಒಂದು ವೃತ್ತ ಸೆಕೆ. ಒಂದು ತಲೆಸುತ್ತು. ಒಂದು ಬದಿಗೆ ಕೂರುವುದು. ಇನ್ನೊಂದರಲ್ಲಿ ನನ್ನನ್ನು ನಿಲ್ಲಿಸಿ, ಇದು ಟೀಚರ್ ಗದರುವುದು ಎಂದರು. ಶಾಲೆಯ ಹೆಸರು ಹೇಳಲಿಲ್ಲ. ಆದರೆ ಅದು ನಮ್ಮದೇ ಎಂದು ನನಗೆ ಗೊತ್ತಾಯಿತು. ನನ್ನ ವೃತ್ತದಿಂದ ಹೊರಟ ಹಗ್ಗ ಸೀದಾ ಬದಿಗೆ ಕೂರುವುದು ಎಂಬಲ್ಲಿಗೆ ಹೋಗಿತ್ತು.

ಪಕ್ಕದ ವೃತ್ತದಲ್ಲಿದ್ದ ರೆಜಿ ಸರ್‌ಗೆ ಹಿಂದಿಯಲ್ಲಿ, ನೋಡಿದಿರಾ, ಕೊನೆಗೆ ತಪ್ಪಿತಸ್ಥೆ ನಾನೇ, ಇವಳು ಇದನ್ನೆಲ್ಲ ವೈಸ್ ಪ್ರಿನ್ಸಿಪಾಲ್ ಜೊತೆ ಚಹಾ ಕುಡಿಯುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದಾಳೆ ಎಂದೆ. ಸಿಟ್ಟಿನಲ್ಲಿ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಖದೀಜಾ ಮೇಡಂ ಬಗ್ಗಿ ಹಗ್ಗ ಸರಿಮಾಡುತ್ತಿದ್ದವರು ಎದ್ದು ನಿಂತರು.

"ಮೇಡಂ, ಮೈ ಮತ್ರಾಹ್ ಮೇಂ ಪಲೀ ಬಢೀ ಹೂಂ," ಎಂದರು. ಶುದ್ಧ ಹಿಂದಿ. ಅವರು ಬೆಳೆದ ಮಸ್ಕತ್‌ನ ಆ ಮತ್ರಾಹ್ ಪೇಟೆಯಲ್ಲಿ ತಂದೆಗೆ ಬಟ್ಟೆ ಅಂಗಡಿ ಇತ್ತಂತೆ, ಅಕ್ಕಪಕ್ಕದ ಅಂಗಡಿಯವರೆಲ್ಲ ನಮ್ಮ ದೇಶದವರಂತೆ, ಚಿಕ್ಕಂದಿನಿಂದ ಹಿಂದಿ ಕೇಳಿಯೇ ಬೆಳೆದವರಂತೆ.

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಮೊದಲ ದಿನ ಆಡಿದ ಮಾತುಗಳೂ ಅವರ ಕಿವಿಗೆ ಬಿದ್ದಿದ್ದವು ಎಂದಾಯಿತು. ರೆಜಿ ಸರ್ ನೆಲ ನೋಡುತ್ತಿದ್ದರು.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಸಂಶಯ ಪಡಿ, ತಪ್ಪಲ್ಲ," ಎಂದರು. "ನನ್ನ ಮೇಲೆ ಪಟ್ಟು ಏನು ಸಿಗುತ್ತದೆ? ಈ ಹಗ್ಗಗಳ ಮೇಲೆ ಪಡಿ. ಇದರಲ್ಲಿ ಯಾವುದು ಸುಳ್ಳು, ಹೇಳಿ."

ನಾಚಿಕೆಯಿಂದ ಹುಟ್ಟಿದ ಹಟ ಇರುತ್ತದಲ್ಲ, ಆ ಹಟದಲ್ಲಿ ನಾನು ನನ್ನ ಕಾಲಬುಡದ ಹಗ್ಗವನ್ನೇ ತೋರಿಸಿದೆ. ನಾನು ಗದರುವುದಕ್ಕೆ ಮುಂಚೆಯೇ ಅವರು ಬಂದು ಕೂರುತ್ತಾರೆ, ಹಾಗಾದರೆ ಇದಕ್ಕೂ ಹಿಂದೆ ಏನೋ ಇರಬೇಕು ಎಂದೆ. ಅವರು ಚಾಕ್ ನನ್ನ ಕೈಗೆ ಕೊಟ್ಟರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಆಶ್ಚರ್ಯ. ನಾನು ಬರೆಯುತ್ತಾ ಹೋದೆ, ರೆಜಿ ಸರ್ ಕೂಡ ತಮಗೇ ಗೊತ್ತಿಲ್ಲದೆ ಹೇಳುತ್ತಾ ಹೋದರು. ಬೋರ್ಡ್ ಪರೀಕ್ಷೆಯ ಫಲಿತಾಂಶ ಇಳಿದ ವರ್ಷ ಬೆಳಗಿನ ಪೀರಿಯಡ್‌ಗಳೆಲ್ಲ ಗಣಿತ, ವಿಜ್ಞಾನಕ್ಕೆ ಹೋಗಿದ್ದವು. ದೊಡ್ಡ ಹುಡುಗಿಯರ ಪಿ.ಟಿ. ಮಧ್ಯಾಹ್ನಕ್ಕೆ ಬಂದಿತ್ತು. ಸೆಕೆ ತಡೆಯದ ಹುಡುಗಿಯರು ಟಾಯ್ಲೆಟ್‌ನಲ್ಲಿ ಅಡಗಿ ಕೂರತೊಡಗಿದ್ದರು. ಅದನ್ನು ತಪ್ಪಿಸಲು ಆಫೀಸಿನವರು ಆ ಟಾಯ್ಲೆಟ್‌ಗೆ ಬೀಗ ಹಾಕಿಸಿದ್ದರು. ಉಳಿದ ಟಾಯ್ಲೆಟ್ ಇದ್ದದ್ದು ಕಟ್ಟಡದ ಇನ್ನೊಂದು ತುದಿಯ ಮೇಲ್ಮಹಡಿಯಲ್ಲಿ. ಇಲ್ಲಿಗೆ ಬರುವಾಗ ನನ್ನ ಕೈ ನಿಂತಿತು. ಹೋಗಲು ಜಾಗವಿಲ್ಲ ಎಂದು ಗೊತ್ತಿದ್ದ ಹುಡುಗಿ ಏನು ಮಾಡುತ್ತಾಳೆ? ನೀರು ಕುಡಿಯುವುದನ್ನೇ ಬಿಡುತ್ತಾಳೆ. ನೀರು ಕುಡಿಯದವಳಿಗೆ ತಲೆ ಸುತ್ತುತ್ತದೆ. ತಲೆ ಸುತ್ತುವವಳು ಬದಿಗೆ ಕೂರುತ್ತಾಳೆ. ನಾನು ಗದರುತ್ತೇನೆ. ಗದರಿದರೆ ಮತ್ತೆ ಅಡಗಲು ನೋಡುತ್ತಾಳೆ, ಬೀಗ ಇನ್ನೂ ಭದ್ರವಾಗುತ್ತದೆ.

ಬೆಳಿಗ್ಗೆಯಿಂದ ಏನು ಕುಡಿದೆ ಎಂಬ ಪ್ರಶ್ನೆ ಯಾಕೆ ಎಂದು ಆಗ ಹೊಳೆಯಿತು. ಆದರೆ ಖದೀಜಾ ಮೇಡಂ ನಮ್ಮನ್ನು ಹೊಗಳಲಿಲ್ಲ. ನೆಲದ ಮೇಲೆ ಎಳೆದ ಮಾತ್ರಕ್ಕೆ ಇದು ಸತ್ಯವಾಗುವುದಿಲ್ಲ, ಹೋಗಿ ಪರೀಕ್ಷೆ ಮಾಡಿ ಎಂದರು.

ಹೊರಗೆ ಕಾರಿನ ಹತ್ತಿರ ರೆಜಿ ಸರ್ ಹಣೆ ಒತ್ತಿಕೊಂಡರು. "ಖಲಾಸ್. ಬಾಣ ಟೈಮ್‌ಟೇಬಲ್‌ವರೆಗೆ ಹೋಯಿತು. ಅದನ್ನು ಮಾಡಿದ್ದು ಯಾರು ಅಂತ ಗೊತ್ತಲ್ಲ."

ಗೊತ್ತಿತ್ತು. ವೈಸ್ ಪ್ರಿನ್ಸಿಪಾಲ್ ಅವರೇ ಕೂತು ಮಾಡಿದ ಟೈಮ್‌ಟೇಬಲ್ ಅದು. ಈ ಚಿತ್ರ ಅವರ ಕಣ್ಣಿಗೆ ಬಿದ್ದರೆ ನಮ್ಮ ಗತಿ ಏನು, ಖದೀಜಾ ಮೇಡಂ ಅದನ್ನು ತೋರಿಸದೆ ಇರುತ್ತಾರೆಂದು ಏನು ಗ್ಯಾರಂಟಿ ಎಂದು ಇಬ್ಬರೂ ಮತ್ತೆ ಅದೇ ಚಿಂತೆಗೆ ಬಿದ್ದೆವು.

ವಾರದ ರಜೆ ಮುಗಿದು ಶಾಲೆ ತೆರೆದ ಮೇಲೆ ಒಂಬತ್ತನೇ ಕ್ಲಾಸಿನ ಪೀರಿಯಡ್‌ನಲ್ಲಿ ನಾನು ವಿಸಿಲ್ ಊದಲಿಲ್ಲ. ಹುಡುಗಿಯರು ಸಾಲಾಗಿ ಇಟ್ಟಿದ್ದ ನೀರಿನ ಬಾಟಲಿಗಳನ್ನು ನೋಡುತ್ತಾ ಹೋದೆ. ಮಧ್ಯಾಹ್ನವಾಗುತ್ತಾ ಬಂದಿತ್ತು, ಹೆಚ್ಚಿನವು ತುಂಬಿಯೇ ಇದ್ದವು. ಜೋಸ್ಲಿನ್ ಎಂದಿನ ಹಾಗೆ ಬೆಂಚಿನ ಮೇಲಿದ್ದಳು. ಅವಳ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಹತ್ತಿರ ಹೋದಾಗ ನಾನು ಬೈಯಲು ಬಂದೆನೆಂದು ಅವಳು ಏಳಲು ನೋಡಿದಳು, ಆಗಲಿಲ್ಲ. ಒಂದು ಕೈ ಸೊಂಟದ ಹಿಂದೆ ಒತ್ತಿ ಹಿಡಿದಿದ್ದಳು. ಆ ಸೆಕೆಯಲ್ಲಿ ಅವಳ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದೆ, ಕೈ ಸುಟ್ಟಂತಾಯಿತು.

ಹಿಂದಿನ ವಾರವಾಗಿದ್ದರೆ ನಾನು ಅಷ್ಟು ಹತ್ತಿರ ಹೋಗುತ್ತಲೇ ಇರಲಿಲ್ಲ, ದೂರದಿಂದಲೇ ಕೂಗಿ ಎಬ್ಬಿಸುತ್ತಿದ್ದೆ.

ಶಾಲೆಯ ನರ್ಸ್ ನೋಡಿದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ರೆಜಿ ಸರ್ ಕಾರು ತಂದರು. ನಾನು ಹಿಂದಿನ ಸೀಟಿನಲ್ಲಿ ಜೋಸ್ಲಿನ್ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಅವಳು ಸಾರಿ ಮ್ಯಾಮ್, ಸಾರಿ ಮ್ಯಾಮ್ ಎನ್ನುತ್ತಿದ್ದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅವಳ ತಾಯಿ ಫ್ಲೇವಿಯಾ ರೂವಿಯ ಆಫೀಸಿನಿಂದ ಸೀದಾ ಆಸ್ಪತ್ರೆಗೆ ಬಂದರು. ತಂದೆ ಕೆಲಸದ ಮೇಲೆ ದೂರದ ಸಲಾಲಾದಲ್ಲಿದ್ದರು. ಮಗಳ ಕೈಗೆ ಹಾಕಿದ ಡ್ರಿಪ್ ನೋಡಿ, ನನ್ನ ಮೈಮೇಲಿನ ಟ್ರ್ಯಾಕ್ ಸೂಟ್ ನೋಡಿ, ಅವರ ಮುಖ ಬದಲಾಯಿತು.

"ಟೀಚರ್, ಬಿಸಿಲಲ್ಲಿ ಓಡಿಸಿದ್ದಾ ಇವಳನ್ನು? ನಿಜ ಹೇಳಿ."

ಇಲ್ಲ ಎಂದೆ. ಅವರು ನಂಬಲಿಲ್ಲ. ನಾನು ಇಷ್ಟು ದಿನ ಬೇರೆಯವರನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೆನೋ ಅದೇ ಕಣ್ಣು ಈಗ ನನ್ನ ಮೇಲಿತ್ತು. ನಾನು ಏನು ಹೇಳಿದರೂ ಅದು ತಪ್ಪಿಸಿಕೊಳ್ಳುವ ಮಾತಿನ ಹಾಗೆ ನನಗೇ ಕೇಳುತ್ತಿತ್ತು.

ಡಾಕ್ಟರ್ ಬಂದು, ಮೂತ್ರದ ಸೋಂಕು ಕಿಡ್ನಿಗೆ ಏರಿದೆ, ಬಹಳ ದಿನದಿಂದ ಇರಬೇಕು, ಇವತ್ತೇ ತಂದದ್ದು ಒಳ್ಳೆಯದಾಯಿತು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸರಿಯಾಗಿ ನೀರು ಕುಡಿಯುವುದಿಲ್ಲವೇ ಎಂದು ಕೇಳಿದರು. ಫ್ಲೇವಿಯಾ, ನಾನೇ ದಿನಾ ಬಾಟಲಿ ತುಂಬಿಸಿ ಕೊಡುತ್ತೇನೆ ಎಂದರು. ಜೋಸ್ಲಿನ್ ಗೋಡೆಯ ಕಡೆ ತಿರುಗಿಕೊಂಡಳು.

ಮರುದಿನ ಫ್ಲೇವಿಯಾ ಶಾಲೆಗೆ ಬಂದು ದೂರು ಕೊಟ್ಟರು. ಆ ವಾರದಲ್ಲೇ ವೈಸ್ ಪ್ರಿನ್ಸಿಪಾಲ್ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ಫ್ಲೇವಿಯಾ, ರೆಜಿ ಸರ್, ನಾನು. ಖದೀಜಾ ಮೇಡಂ ಕೂಡ ಇದ್ದರು, ಅವರನ್ನೂ ಕರೆಸಿದ್ದರು. ಅವರ ತೊಡೆಯ ಮೇಲೆ ಸುತ್ತಿದ ದೊಡ್ಡ ಕಾಗದ ಕಂಡಾಗ, ಅಲ್ಲಿಗೆ ಮುಗಿಯಿತು, ಇಷ್ಟು ದಿನದ ಸಂಶಯ ನಿಜವಾಯಿತು ಅಂದುಕೊಂಡೆ.

ವೈಸ್ ಪ್ರಿನ್ಸಿಪಾಲ್ ಸುತ್ತಿ ಬಳಸದೆ ಖದೀಜಾ ಮೇಡಂ ಕಡೆ ತಿರುಗಿದರು. ನೀವು ನಮ್ಮ ಪಿ.ಟಿ. ವಿಭಾಗವನ್ನು ಹತ್ತಿರದಿಂದ ನೋಡಿದ್ದೀರಿ, ಇವರಿಬ್ಬರಲ್ಲಿ ಇದಕ್ಕೆ ಹೊಣೆ ಯಾರೆಂದು ಹೇಳಿ, ಕ್ರಮ ತೆಗೆದುಕೊಳ್ಳುತ್ತೇವೆ, ಈ ತಾಯಿಗೂ ಸಮಾಧಾನವಾಗುತ್ತದೆ ಎಂದರು.

ಖದೀಜಾ ಮೇಡಂ ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದರು. ನೆಲದ ಮೇಲೆ ನಾವು ಬರೆದ ಚಿತ್ರವೇ. ಇದರಲ್ಲಿ ಯಾರ ಹೆಸರೂ ಇಲ್ಲ ಎಂದರು.

ಹೆಸರು ನಾವು ಹಾಕಿಕೊಳ್ಳುತ್ತೇವೆ, ನೀವು ಹೇಳಿ ಸಾಕು ಎಂದರು ವೈಸ್ ಪ್ರಿನ್ಸಿಪಾಲ್.

"ಹೆಸರು ಹಾಕಿದರೆ ಎಲ್ಲರೂ ಆ ಹೆಸರನ್ನೇ ನೋಡುತ್ತಾರೆ," ಎಂದರು ಖದೀಜಾ ಮೇಡಂ. "ಬೀಗ ಅಲ್ಲೇ ಇರುತ್ತದೆ."

ಫ್ಲೇವಿಯಾ ತಲೆ ಎತ್ತಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಯಾವ ಬೀಗ ಟೀಚರ್?"

ವೈಸ್ ಪ್ರಿನ್ಸಿಪಾಲ್ ನನ್ನನ್ನೇ ನೋಡುತ್ತಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ದಿನೇಶ್ ಹೇಳಿದ್ದರು. ಈಗ ಕೇಳಿದ್ದಾರೆ, ಉತ್ತರ ನನ್ನಲ್ಲಿದೆ, ಆದರೆ ನಾಲಿಗೆ ಏಳುತ್ತಿಲ್ಲ.

ಮಾತಾಡಿದವರು ರೆಜಿ ಸರ್. ಕನ್ನಡ ತಿಳಿಯದಿದ್ದರೂ ಪ್ರಶ್ನೆ ಏನೆಂದು ಅವರಿಗೆ ಗೊತ್ತಾಗಿತ್ತು. ಕೈ ಕಟ್ಟಿಕೊಂಡು, ಇಂಗ್ಲಿಷಿನಲ್ಲಿ, ತರಗತಿಯಲ್ಲಿ ನಿಯಮ ಹೇಳಿಕೊಡುವ ಹಾಗೆ ಒಂದೊಂದಾಗಿ ಹೇಳಿದರು. ಮೈದಾನದ ಪಕ್ಕದ ಟಾಯ್ಲೆಟ್‌ಗೆ ಬೀಗ ಹಾಕಿದ್ದು, ಅದಕ್ಕೆ ಮುಂಚೆ ಹುಡುಗಿಯರು ಅಲ್ಲಿ ಅಡಗುತ್ತಿದ್ದದ್ದು, ಪಿ.ಟಿ. ಮಧ್ಯಾಹ್ನಕ್ಕೆ ಬಂದದ್ದು, ಬಾಟಲಿಗಳು ತುಂಬಿದ ಹಾಗೇ ಮನೆಗೆ ಹೋಗುವುದು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಟೈಮ್‌ಟೇಬಲ್ ಎನ್ನುವಾಗಲೂ ದನಿ ಇಳಿಸಲಿಲ್ಲ.

ಫ್ಲೇವಿಯಾ ಬಹಳ ಹೊತ್ತು ಆ ಕಾಗದ ನೋಡಿದರು. ಬಾಟಲಿ ದಿನಾ ತುಂಬಿಯೇ ವಾಪಸ್ ಬರುತ್ತಿತ್ತು, ಶಾಲೆಯಲ್ಲಿ ತಣ್ಣೀರು ಉಂಟು ಮಮ್ಮಿ ಎನ್ನುತ್ತಿದ್ದಳು, ನಾನು ನಂಬಿದೆ ಎಂದರು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ವೈಸ್ ಪ್ರಿನ್ಸಿಪಾಲ್ ಕಡೆ ತಿರುಗಿ, ನನಗೆ ಯಾರ ಮೇಲೂ ಕ್ರಮ ಬೇಡ, ಬೀಗ ತೆಗೆಸಿ ಎಂದಷ್ಟೇ ಹೇಳಿ ಎದ್ದರು.

ಮರುದಿನವೇ ಬೀಗ ಹೋಯಿತು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ದೊಡ್ಡ ಹುಡುಗಿಯರ ಪಿ.ಟಿ. ಬೆಳಗಿನ ಪೀರಿಯಡ್‌ಗೆ ಬಂತು. ಬದಿಗೆ ಕೂರುವವರು ಪೂರ್ತಿ ಇಲ್ಲವಾದರು ಎಂದರೆ ಸುಳ್ಳಾಗುತ್ತದೆ, ಆದರೆ ಬಹಳ ಕಡಿಮೆಯಾದರು. ಜೋಸ್ಲಿನ್ ಚೇತರಿಸಿಕೊಂಡು ಶಾಲೆಗೆ ಬಂದಳು. ಓಟ ಬೇಡವೆಂದು ಡಾಕ್ಟರ್ ಹೇಳಿದ್ದರಿಂದ ಆ ವರ್ಷ ಸ್ಟಾಪ್‌ವಾಚ್ ಹಿಡಿದು ನನ್ನ ಪಕ್ಕ ನಿಲ್ಲುತ್ತಿದ್ದಳು. ಒಂದು ದಿನ ಫ್ಲೇವಿಯಾ ಗೇಟಿನ ಬಳಿ ಕಾರು ನಿಲ್ಲಿಸಿ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. ಆಸ್ಪತ್ರೆಯ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಿತು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಶೈಕ್ಷಣಿಕ ವರ್ಷದ ಕೊನೆಯಲ್ಲಿ ರೆಜಿ ಸರ್ ಅವರ ಕರಾರನ್ನು ಮುಂದುವರಿಸಲಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ಒಂದು ಹುದ್ದೆ ಸಾಕು ಎಂದರಂತೆ. ವೀಸಾ ಶಾಲೆಯದ್ದಾದ್ದರಿಂದ ಅವರು ದೇಶ ಬಿಡಬೇಕಾಯಿತು.

ನಾನು ಖದೀಜಾ ಮೇಡಂಗೆ ಫೋನ್ ಮಾಡಿದೆ. ನೀವು ಆಫೀಸಿಗೆ ಏನಾದರೂ ಹೇಳಿದಿರಾ ಎಂದು ನೇರವಾಗಿ ಕೇಳಿದೆ, ಈ ಸಲ ಅವರಿಗೇ, ಹಿಂದಿಯಲ್ಲಿ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಯಾರ ಬಗ್ಗೆಯೂ ಒಂದು ಮಾತೂ ಹೇಳಿಲ್ಲ, ಬರೆದುಕೊಟ್ಟಿಲ್ಲ ಎಂದರು. ಆದರೆ ಆ ದಿನ ನಾನು ಕಾಗದ ಬಿಚ್ಚದಿದ್ದರೆ ರೆಜಿ ಸರ್ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ, ನನ್ನಿಂದ ಹೊರಟ ಆ ಬಾಣವನ್ನು ನಾನು ಮುಚ್ಚಿಡುವುದಿಲ್ಲ ಎಂದರು.

ಹೊರಡುವ ಮುಂಚೆ ನಾನೂ ದಿನೇಶೂ ರೆಜಿ ಸರ್ ಮನೆಗೆ ಹೋಗಿದ್ದೆವು. ಸಾಮಾನೆಲ್ಲ ಕಟ್ಟಿ ಆಗಿತ್ತು, ಕೂರಲು ಕುರ್ಚಿ ಇರಲಿಲ್ಲ, ನಿಂತೇ ಚಹಾ ಕುಡಿದೆವು. ಆ ದಿನ ಮಾತಾಡಬಾರದಿತ್ತು ಅನ್ನಿಸುತ್ತದೆಯೇ ಎಂದು ಕೇಳಿದೆ.

ಅವರು ನಕ್ಕರು. "ನಮ್ಮ ಸಂಶಯ ಸರಿಯಾಗಿಯೇ ಇತ್ತು, ಸುಜಾತಾ. ಹಿಡಿದ ಮನುಷ್ಯ ಮಾತ್ರ ತಪ್ಪು."

ಈಗ ಅವರು ಊರಿನಲ್ಲಿ ಒಂದು ಕ್ಲಬ್‌ನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಾರೆ. ಅವರನ್ನು ಕಳಿಸಿದ್ದು ಆ ಮಾತಿಗಾಗಿಯೋ, ಮೊದಲೇ ತೀರ್ಮಾನವಾಗಿತ್ತೋ, ನಿಜಕ್ಕೂ ಮಕ್ಕಳು ಕಡಿಮೆಯಾಗಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಫೀಸಿನಿಂದ ಕರೆ ಬಂದರೆ ಈಗಲೂ ನನಗೆ ಮೊದಲು ಬರುವುದು ಸಂಶಯವೇ. ಬೆಂಚಿನ ಮೇಲೆ ಒಬ್ಬ ಹುಡುಗಿ ಒಂಟಿಯಾಗಿ ಕೂತದ್ದು ಕಂಡರೆ ಮಾತ್ರ ಕೂಗಿ ಕರೆಯುವುದಿಲ್ಲ, ಹತ್ತಿರ ಹೋಗಿ ಪಕ್ಕದಲ್ಲಿ ಕೂರುತ್ತೇನೆ.

ಫ್ಲೇವಿಯಾ ಆ ಪ್ರಶ್ನೆ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವರು ರೆಜಿ ಸರ್. ಉಳಿದ ಆ ಒಂದು ಹುದ್ದೆಯಲ್ಲಿ ಈಗ ನಾನಿದ್ದೇನೆ.